ಕನಕಪುರಕ್ಕೆ ಐದು ಚಪ್ಪಾಳೆ: ಪುಟ್ಟ ಮಕ್ಕಳಿಗೆ ಅಕ್ಷರದ ಸದ್ದು ಕಲಿಸುವ ತರಗತಿ ಆಟಗಳು

ಅಕ್ಷರದ ಸದ್ದಿನ ಆಟವೆಂದರೆ ಮಾತಿನೊಳಗಿನ ಸದ್ದುಗಳನ್ನು ಮಗು ಕಿವಿಯಿಂದ ಹಿಡಿದು, ಬಿಡಿಸಿ, ಮತ್ತೆ ಜೋಡಿಸಿ, ಕೊನೆಗೆ ಆ ಸದ್ದಿಗೆ ಬರವಣಿಗೆಯ ಗುರುತು ಹಚ್ಚಲು ನೆರವಾಗುವ ತರಗತಿ ಚಟುವಟಿಕೆ. ಅಂಗನವಾಡಿಯಿಂದ ಮೂರನೇ ತರಗತಿಯವರೆಗಿನ ಮಕ್ಕಳಿಗೆ ಇವು ಹೊಂದುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಇಂಥ ಆಟಕ್ಕೆ ಬೇಕಾದ ಸರಕು ದುಡ್ಡು ಕೊಟ್ಟು ತರುವಂಥದ್ದಲ್ಲ. ರೇಷ್ಮೆಗೂಡು, ಅರಗು ಬಳಿದ ಮರದ ಬುಗುರಿ, ಅಂಗಳದ ಕುಂಟೆಬಿಲ್ಲೆ, ಕೆರೆ-ದಡ, ಊರಿನ ಹೆಸರು, ಮನೆಮಾತು ಎಲ್ಲವೂ ಪಾಠದ ಸಾಮಗ್ರಿಯೇ. ಆದರೆ ಕನ್ನಡದ ಸದ್ದಿನ ಲೆಕ್ಕ ಇಂಗ್ಲಿಷಿನದಲ್ಲ. ಆ ವ್ಯತ್ಯಾಸ ಗೊತ್ತಿದ್ದು ಆಡಿಸಿದರೆ ಆಟ ಓದಿಗೆ ದಾರಿಯಾಗುತ್ತದೆ. ಗೊತ್ತಿಲ್ಲದೆ ಆಡಿಸಿದರೆ ಗಲಾಟೆಯಷ್ಟೇ ಉಳಿಯುತ್ತದೆ.

ಸದ್ದು ಮೊದಲು, ಗೆರೆ ಆಮೇಲೆ

ಶಾಲೆಗೆ ಬರುವ ಹೊತ್ತಿಗೆ ಮಗುವಿಗೆ ಮಾತು ಚೆನ್ನಾಗಿ ಬಂದಿರುತ್ತದೆ. ಆದರೆ ಮಾತನ್ನು ತುಂಡು ಮಾಡಿ ನೋಡುವ ಅಭ್ಯಾಸ ಇರುವುದಿಲ್ಲ. 'ಬುಗುರಿ' ಎಂದರೆ ಅದಕ್ಕೆ ಗಿರಗಿರ ತಿರುಗುವ ವಸ್ತು ಕಣ್ಣಿಗೆ ಬರುತ್ತದೆಯೇ ಹೊರತು, ಬು-ಗು-ರಿ ಎಂಬ ಮೂರು ತುಂಡು ಕಿವಿಗೆ ಬೀಳುವುದಿಲ್ಲ. ಅರ್ಥವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಸದ್ದನ್ನೇ ಕೇಳಿಸಿಕೊಳ್ಳುವ ಈ ಶಕ್ತಿಗೆ ಶಿಕ್ಷಣ ಕ್ಷೇತ್ರದವರು ಧ್ವನಿ ಅರಿವು ಎನ್ನುತ್ತಾರೆ. ಪ್ರಾಸ ಗುರುತಿಸುವುದು, ಪದದ ಮೊದಲ ಸದ್ದು ಹೇಳುವುದು, ಕೊನೆಯ ಸದ್ದು ಹೇಳುವುದು, ಒಂದು ತುಂಡು ಬಿಟ್ಟು ಉಳಿದದ್ದನ್ನು ಉಚ್ಚರಿಸುವುದು, ಬಿಡಿ ತುಂಡುಗಳನ್ನು ಕೂಡಿಸಿ ಪದ ಮಾಡುವುದು ಇದರ ಮೆಟ್ಟಿಲುಗಳು.

ಈ ಅರಿವಿಲ್ಲದೆ ವರ್ಣಮಾಲೆ ಬಾಯಿಪಾಠ ಮಾಡಿದ ಮಗು 'ಅ'ದಿಂದ 'ಳ'ದವರೆಗೆ ತಡೆಯಿಲ್ಲದೆ ಒಪ್ಪಿಸುತ್ತದೆ. ನಡುವೆ ಒಂದು ಅಕ್ಷರಕ್ಕೆ ಬೆರಳಿಟ್ಟು ಇದೇನು ಎಂದರೆ ಮೊದಲಿನಿಂದ ಹೇಳಿಕೊಂಡು ಬರಬೇಕಾಗುತ್ತದೆ. ಕಾಗುಣಿತದ ರಾಗವೂ ಹಾಗೆಯೇ. ರಾಗ ಬಾಯಿಗೆ ಬಂದಿದೆ, ಸದ್ದು ಬಿಡಿಯಾಗಿ ಕೈಗೆ ಸಿಕ್ಕಿಲ್ಲ ಎಂದೇ ಇದರ ಅರ್ಥ.

ಕನ್ನಡದ ಲೆಕ್ಕ

ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಒಂದು, ಸದ್ದು ಇನ್ನೊಂದು. 'ಸಿ' ಎಂಬ ಅಕ್ಷರ 'ಕ್ಯಾಟ್'ನಲ್ಲಿ 'ಕ್' ಆಗುತ್ತದೆ, 'ಸಿಟಿ'ಯಲ್ಲಿ 'ಸ್' ಆಗುತ್ತದೆ. ಅದಕ್ಕಾಗಿಯೇ ಅಲ್ಲಿ ಫೋನಿಕ್ಸ್ ಎಂಬ ಪದ್ಧತಿ ಬೆಳೆಯಿತು. ಇಂಗ್ಲೆಂಡಿನಿಂದ ಬಂದು ನಮ್ಮ ಅನೇಕ ಖಾಸಗಿ ಶಾಲೆಗಳ ಎಲ್‌ಕೆಜಿ-ಯುಕೆಜಿಗಳಿಗೆ ಹೊಕ್ಕಿರುವ ಜಾಲಿ ಫೋನಿಕ್ಸ್ 42 ಸದ್ದುಗಳನ್ನು ಅಭಿನಯದೊಂದಿಗೆ ಕಲಿಸುತ್ತದೆ.

ಕನ್ನಡದ ಮಗುವಿಗೆ ಈ ತೊಡಕಿಲ್ಲ. 'ಕ'ದ ಹೆಸರೂ ಕ, ಸದ್ದೂ ಕ. ಬರವಣಿಗೆಯ ಒಂದು ಅಕ್ಷರಕ್ಕೆ ಮಾತಿನ ಒಂದು ತುಂಡು ಬಹುಮಟ್ಟಿಗೆ ಸರಿಹೊಂದುತ್ತದೆ. ತೊಡಕು ಬೇರೆ ಕಡೆ ಇದೆ. ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49 ಎಂದು ಪುಸ್ತಕ ಹೇಳಿದರೂ, ಮಗು ಗುರುತಿಸಬೇಕಾದ ಆಕಾರಗಳು ಅಷ್ಟಕ್ಕೇ ನಿಲ್ಲುವುದಿಲ್ಲ. 34 ವ್ಯಂಜನಕ್ಕೆ 13 ಸ್ವರ ಕೂಡಿದರೆ 442 ಗುಣಿತಾಕ್ಷರ. ಅವುಗಳ ಮೇಲೆ ಒತ್ತಕ್ಷರ.

ಹಾಗಾಗಿ ಕನ್ನಡದಲ್ಲಿ ಆಟದ ಮೊದಲ ಘಟಕ ಇಡೀ ಅಕ್ಷರ. 'ಕ' ಎಂಬುದನ್ನು 'ಕ್' ಮತ್ತು 'ಅ' ಎಂದು ಒಡೆಯುವ ಕೆಲಸ ಐದು ವರ್ಷದ ಮಗುವಿಗೆ ಬೇಕಿಲ್ಲ, ಬೇಗ ಬರುವುದೂ ಇಲ್ಲ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಆರಂಭದ ಓದಿನ ಬಗ್ಗೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಕ್ಷರ ಕಲಿಕೆ ಇಂಗ್ಲಿಷಿನ ಹಾಗೆ ಒಂದೆರಡು ವರ್ಷಕ್ಕೆ ಮುಗಿಯದೆ ಪ್ರಾಥಮಿಕ ಶಾಲೆಯ ಹಲವು ವರ್ಷ ಹಬ್ಬುತ್ತದೆ. ಅಕ್ಷರದ ಮಟ್ಟದ ಅರಿವು ಬೇಗ ಬರುತ್ತದೆ, ಅದರೊಳಗಿನ ಬಿಡಿ ಧ್ವನಿಯ ಅರಿವು ನಿಧಾನವಾಗಿ ಬರುತ್ತದೆ. ಒಂದನೇ ತರಗತಿಯಲ್ಲಿ ಅಕ್ಷರದ ಆಟ, ಗುಣಿತ ಶುರುವಾದ ಮೇಲೆ ಅಕ್ಷರದೊಳಗಿನ ಸ್ವರದ ಆಟ ಎಂಬ ಅನುಕ್ರಮ ಇಲ್ಲಿಂದಲೇ ಹುಟ್ಟುತ್ತದೆ.

ನಲಿ-ಕಲಿ: 'ಅ' ಬಿಟ್ಟು 'ರ'ದಿಂದ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಆಟಕ್ಕೆ ಅಧಿಕೃತ ಜಾಗ ಸಿಕ್ಕಿದ್ದು ನಲಿ-ಕಲಿಯಿಂದ. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿಬಂದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಇದನ್ನು ಕಟ್ಟಿದರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಮರುವರ್ಷ ಮೂರನೇ ತರಗತಿಗೆ ಅದು ಹಬ್ಬಿತು. ಆಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ಹೊಸ ರಾಮನಗರ ಜಿಲ್ಲೆಯಲ್ಲಿದ್ದವು.

ನಲಿ-ಕಲಿ ಕೋಣೆಯಲ್ಲಿ ಬೆಂಚುಗಳ ಸಾಲಿಲ್ಲ. ಮಕ್ಕಳು ನೆಲದ ಮೇಲೆ ಐದು ತಟ್ಟೆಗಳ ಸುತ್ತ, ಅಂದರೆ ಐದು ಗುಂಪಾಗಿ ಕೂರುತ್ತಾರೆ. ಮೊದಲ ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಎರಡನೆಯದಕ್ಕೆ ಅರ್ಧ ನೆರವು, ಮೂರು ಮತ್ತು ನಾಲ್ಕನೆಯದಕ್ಕೆ ಜೊತೆಯ ಮಕ್ಕಳ ನೆರವು, ಐದನೆಯದು ಸ್ವಂತ ಕಲಿಕೆ. ತಲೆಯ ಮೇಲೆ ಮಕ್ಕಳ ಕೆಲಸ ತೂಗುಹಾಕಿದ ಕಲಿಕಾ ಚಪ್ಪರ. ಗೋಡೆಯಲ್ಲಿ ಕಲಿಕೆಯ ಹಂತ ತೋರಿಸುವ ಮೈಲಿಗಲ್ಲು, ಮೆಟ್ಟಿಲು, ಲೋಗೋಗಳ ಏಣಿ.

ನಲಿ-ಕಲಿಯ ಜಾಣತನ ಅಕ್ಷರಗಳ ಅನುಕ್ರಮದಲ್ಲಿದೆ. ಕನ್ನಡ ಕಲಿಕೆ 'ಅ ಆ ಇ ಈ'ಯಿಂದ ಶುರುವಾಗುವುದಿಲ್ಲ. ಮೊದಲ ಗುಚ್ಛ ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಐದು ಅಕ್ಷರ ಬಂದ ಕೂಡಲೇ ಮಗು ರಸ, ಸರ, ದರ, ಅಗಸ, ಅರಸ, ಗರಗಸ ಓದುತ್ತದೆ. ಹತ್ತು ಬಂದರೆ ಮರ, ಜನ, ಗಜ, ಬಸವ, ನಗರ. ರಾಮನಗರ ಎಂಬ ಹೆಸರಿನಲ್ಲಿ 'ರಾ' ಒಂದನ್ನು ಬಿಟ್ಟರೆ ಉಳಿದ ಮ, ನ, ಗ, ರ ನಾಲ್ಕೂ ಈ ಹತ್ತರೊಳಗೇ ಇವೆ. ಜಾಲಿ ಫೋನಿಕ್ಸ್ ಕೂಡ ಎ, ಬಿ, ಸಿ ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಎಂದು ತೊಡಗುವುದರ ಹಿಂದೆ ಇದೇ ಕಾರಣವಿದೆ. ಕಲಿತ ಸದ್ದು ಅಂದೇ ಪದವಾಗಿ ಕೈಗೆ ಸಿಗಬೇಕು.

2021ರ ಜುಲೈ 5ರಂದು ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಅರ್ಥವರಿತು ಓದಬೇಕೆಂಬ ಗುರಿ ಇಟ್ಟುಕೊಂಡಿದೆ. ಒಂದನೇ ತರಗತಿಗೆ ಬಂದ ಮಗುವಿಗೆ ಮೊದಲ ಮೂರು ತಿಂಗಳು ಆಟದ ಮೂಲಕವೇ ಸಿದ್ಧತೆ ನೀಡುವ ವಿದ್ಯಾಪ್ರವೇಶವೂ ಇದರ ಜೊತೆ ಬಂತು. ಸದ್ದಿನ ಆಟಕ್ಕೆ ಅತ್ಯಂತ ಸರಿಯಾದ ಹೊತ್ತು ಈ ಮೂರು ತಿಂಗಳೇ.

ಈ ಸೀಮೆಯ ಕಿವಿ, ಈ ಸೀಮೆಯ ಬಾಯಿ

ಸದ್ದಿನ ಪಾಠ ಎಲ್ಲ ಊರಿಗೂ ಒಂದೇ ಆಗಲಾರದು. ಹಳೇ ಮೈಸೂರಿನ ಬಹುಪಾಲು ಹಳ್ಳಿಗಳಂತೆ ಇಲ್ಲೂ ಮನೆಮಾತಿನಲ್ಲಿ 'ಹ' ಸವೆದುಹೋಗಿದೆ. ಹಾಲು ಆಲಾಗಿದೆ, ಹುಳ ಉಳವಾಗಿದೆ, ಹಿಪ್ಪುನೇರಳೆ ಇಪ್ಪುನೇರ್ಲೆಯಾಗಿದೆ. ಪದದ ಮೊದಲಿನ 'ಎ'ಗೆ ತೆಳುವಾಗಿ 'ಯ' ಅಂಟಿಕೊಳ್ಳುತ್ತದೆ, 'ಒ'ಗೆ 'ವ'. ಎಲೆಯ ಚಿತ್ರವನ್ನು ಮಗು 'ಯ' ಎಂದು ಬರೆದ ಡಬ್ಬಿಗೆ ಹಾಕಿದರೆ ಅದರ ಕಿವಿ ಕೆಟ್ಟಿಲ್ಲ. ಮನೆಯಲ್ಲಿ ಕೇಳಿದ್ದನ್ನೇ ಅದು ನಿಖರವಾಗಿ ಗುರುತಿಸಿದೆ. ಮಹಾಪ್ರಾಣಗಳೂ ಅಷ್ಟೇ: ಭೂಮಿ ಬೂಮಿ, ಧಾನ್ಯ ದಾನ್ಯ. ಶ, ಷ, ಸ ಮೂರೂ ಅನೇಕರ ಬಾಯಲ್ಲಿ 'ಸ'ದ ಕಡೆಗೆ ಸರಿದಿವೆ.

ರಾಮನಗರ, ಚನ್ನಪಟ್ಟಣದ ಪೇಟೆಗಳಲ್ಲಿ ಉರ್ದು ಮನೆಮಾತಿನ ಮಕ್ಕಳು ಬಹಳ. ರೇಷ್ಮೆ ಬಿಚ್ಚುವ, ಗೊಂಬೆ ಕಡೆಯುವ ಮನೆಗಳ ಮಕ್ಕಳು ಇವರಲ್ಲಿದ್ದಾರೆ. ಇವರಿಗೆ ಖ, ಘ, ಧ, ಭ ಹುಟ್ಟಿನಿಂದ ಬಂದ ಸದ್ದುಗಳು. ಕಷ್ಟವಾಗುವುದು 'ಳ' ಮತ್ತು 'ಣ'. ಕನ್ನಡ ಮನೆಮಾತಿನ ಮಗುವಿಗೆ 'ಳ' ಸಲೀಸು, 'ಭ' ಕಷ್ಟ. ಮಹಾಪ್ರಾಣದ ಆಟಕ್ಕೆ ಉರ್ದು ಮನೆಯ ಮಗುವನ್ನೂ, 'ಲ-ಳ' ಆಟಕ್ಕೆ ಕನ್ನಡ ಮನೆಯ ಮಗುವನ್ನೂ ನಾಯಕನಾಗಿಸಿದರೆ ಇಬ್ಬರೂ ಒಬ್ಬರಿಗೊಬ್ಬರು ಮೇಷ್ಟ್ರಾಗುತ್ತಾರೆ. ಮಾಗಡಿ, ರಾಮನಗರ, ಕನಕಪುರದ ಬೆಟ್ಟದ ತಪ್ಪಲಿನ ಇರುಳಿಗ ಬುಡಕಟ್ಟಿನ ಕುಟುಂಬಗಳ ಮಕ್ಕಳಿಗೆ ಶಾಲೆಯ ಕನ್ನಡ ಇನ್ನೂ ದೂರದ್ದು. ಅವರ ಕಾಡಿನ ಮರ, ಹಕ್ಕಿ, ಗೆಣಸಿನ ಹೆಸರುಗಳನ್ನೂ ಆಟಕ್ಕೆ ಎಳೆದುಕೊಂಡರೆ ಮೊದಲ ದಿನದಿಂದಲೇ ಅವರಿಗೂ ಬಾಯಿ ಬರುತ್ತದೆ.

ಆಟಗಳು

*ಊರಿಗೊಂದು ಚಪ್ಪಾಳೆ.* ಎಲ್ಲಕ್ಕಿಂತ ಸರಳವಾದ, ಎಲ್ಲಕ್ಕಿಂತ ಮೊದಲು ಆಡಿಸಬೇಕಾದ ಆಟ. ಒಂದು ಹೆಸರು ಹೇಳಿ, ತುಂಡಿಗೊಂದು ಚಪ್ಪಾಳೆ ತಟ್ಟುವುದು. ಮಾ-ಗ-ಡಿ ಮೂರು. ರಾ-ಮ-ನ-ಗ-ರ ಐದು. ಕ-ನ-ಕ-ಪು-ರ ಐದು. ಚನ್ನಪಟ್ಟಣಕ್ಕೆ ಬಂದಾಗ ಸ್ವಾರಸ್ಯ. ಕಿವಿಗೆ ಕೇಳುವುದು ಚನ್-ನ-ಪಟ್-ಟ-ಣ, ಬರೆಯುವುದು ಚ-ನ್ನ-ಪ-ಟ್ಟ-ಣ. ಎಣಿಕೆ ಎರಡರಲ್ಲೂ ಐದೇ, ಕತ್ತರಿ ಬೀಳುವ ಜಾಗ ಮಾತ್ರ ಬೇರೆ. ಮುಂದೆ ಒತ್ತಕ್ಷರದಲ್ಲಿ ಮಕ್ಕಳು ಎಡವುವುದು ಸರಿಯಾಗಿ ಇಲ್ಲೇ. 'ಚನ್' ಎಂದು ಮುಗಿದ ಸದ್ದಿನ ಅರ್ಧ, ಬರೆಯುವಾಗ ಮುಂದಿನ ಅಕ್ಷರದ ಜೊತೆ ಹೋಗುತ್ತದೆ. ಜೂನ್‌ನಲ್ಲಿ ಚಪ್ಪಾಳೆ ತಟ್ಟಿದ ಮಕ್ಕಳಿಗೆ ಒತ್ತಕ್ಷರದ ಪಾಠದ ದಿನ ಇದೇ ಹೆಸರನ್ನು ಮತ್ತೆ ತಂದು ತೋರಿಸಬಹುದು. ಹಾಜರಿ ಕರೆಯುವಾಗ ಮಕ್ಕಳ ಹೆಸರುಗಳಿಗೇ ಈ ಚಪ್ಪಾಳೆ ತಟ್ಟಿಸಿದರೆ ಪ್ರತ್ಯೇಕ ಸಮಯವೂ ಬೇಡ.

*ಗೂಡಿನ ಮಾರುಕಟ್ಟೆ.* ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಪ್ಪನ ಜೊತೆ ಅಲ್ಲಿಗೆ ಹೋಗಿಬಂದ ಮಕ್ಕಳಿಗೆ ಹರಾಜು ಹೊಸದಲ್ಲ. ನೆಲದ ಮೇಲೆ ನಾಲ್ಕು ತಟ್ಟೆ, ಒಂದೊಂದರ ಮುಂದೆ ಒಂದೊಂದು ಅಕ್ಷರ: ರ, ಗ, ಮ, ಬ. ಮಕ್ಕಳ ಕೈಯಲ್ಲಿ ಚಿತ್ರ ಅಥವಾ ವಸ್ತು. ರಾಗಿ, ರೇಷ್ಮೆ, ರಣಹದ್ದು ಒಂದು ತಟ್ಟೆಗೆ. ಗೂಡು, ಗೊಂಬೆ, ಗಿಲಕಿ ಇನ್ನೊಂದಕ್ಕೆ. ಮಾವು, ಮೇಕೆ, ಮರ ಮತ್ತೊಂದಕ್ಕೆ. ಬಂಡೆ, ಬುಗುರಿ, ಬೆಟ್ಟ ಕೊನೆಯದಕ್ಕೆ. ಹರಾಜು ಕೂಗುವ ಮಗು ಚಿತ್ರ ಎತ್ತಿ ಹಿಡಿದು ಹೆಸರು ಹೇಳುತ್ತದೆ. ಕೊಳ್ಳುವವರು ದುಡ್ಡಿನ ಬದಲು ಮೊದಲ ಸದ್ದು ಕೂಗಬೇಕು. ಸರಿ ಕೂಗಿದವರ ತಟ್ಟೆಗೆ ಮಾಲು. ಆರಂಭದಲ್ಲಿ 'ರಾಗಿ'ಯೂ 'ರೇಷ್ಮೆ'ಯೂ ಒಂದೇ ತಟ್ಟೆಗೆ ಬೀಳಲಿ. ಗುಣಿತ ಬಂದ ಮೇಲೆ ರಾ, ರೇ, ರ ಎಂದು ತಟ್ಟೆಗಳು ಒಡೆದುಕೊಳ್ಳಲಿ.

*ಕೆರೆ-ದಡ.* ಮಕ್ಕಳಿಗೆ ಮೊದಲೇ ಗೊತ್ತಿರುವ ಆಟವಾದ್ದರಿಂದ ನಿಯಮ ವಿವರಿಸುವ ಹೊತ್ತು ಉಳಿಯುತ್ತದೆ. ಸೀಮೆಸುಣ್ಣದಿಂದ ಒಂದು ಗೆರೆ: ಈ ಕಡೆ ದಡ, ಆ ಕಡೆ ಕೆರೆ. ಸಾಮಾನ್ಯವಾಗಿ ಶಿಕ್ಷಕರು 'ಕೆರೆ' ಅಥವಾ 'ದಡ' ಎಂದು ಕೂಗುತ್ತಾರೆ. ಇಲ್ಲಿ ಹಾಗೆ ಕೂಗುವುದಿಲ್ಲ, ಪದ ಹೇಳುತ್ತಾರೆ. ಗಿಡ್ಡ ಸದ್ದಿನಿಂದ ಶುರುವಾದರೆ ದಡ, ಉದ್ದ ಸದ್ದಿನಿಂದ ಶುರುವಾದರೆ ಕೆರೆ. 'ಬಳೆ' ಎಂದಾಗ ಎಲ್ಲರೂ ದಡದಲ್ಲೇ ನಿಲ್ಲಬೇಕು. 'ಬಾಳೆ' ಎಂದಾಗ ಕೆರೆಗೆ ಹಾರಬೇಕು. ಹಳೆ-ಹಾಳೆ, ಕೊಡು-ಕೋಡು, ಕಡು-ಕಾಡು ಒಂದಾದ ಮೇಲೊಂದು ಬರಲಿ. ಮೊದಲ ಸುತ್ತಿನಲ್ಲಿ ಮಕ್ಕಳು ಪಕ್ಕದವರ ಕಾಲು ನೋಡಿಕೊಂಡು ಹಾರುತ್ತಾರೆ. ಕಣ್ಣು ಮುಚ್ಚಿಸಿ ಆಡಿಸಿದಾಗ ಯಾರ ಕಿವಿ ಎಲ್ಲಿದೆ ಎಂಬುದು ಬಯಲಾಗುತ್ತದೆ. ಹ್ರಸ್ವ, ದೀರ್ಘ ಎಂಬ ಹೆಸರುಗಳನ್ನು ಹೇಳುವ ಅಗತ್ಯವೇ ಇಲ್ಲ. ಆ ವ್ಯತ್ಯಾಸ ಕಾಲಿಗೆ ಬಂದ ಮೇಲೆ ಹೆಸರು ತಾನಾಗಿ ಬರುತ್ತದೆ. ಇದೇ ಗೆರೆಯ ಮೇಲೆ ಮುಂದೆ ಒಂಟಿ-ಜೋಡಿ ಸದ್ದಿನ ಆಟ ಆಡಿಸಬಹುದು: ಕತೆ-ಕತ್ತೆ, ಹಳಿ-ಹಳ್ಳಿ, ಬಳಿ-ಬಳ್ಳಿ.

*ಹಾರು, ಆರು.* 'ಹ' ಉಳಿಸುವ ಆಟ. ಶಿಕ್ಷಕರು 'ಹಾರು' ಎಂದರೆ ಜಿಗಿಯಬೇಕು, 'ಆರು' ಎಂದರೆ ಆರು ಬೆರಳು ತೋರಿಸಬೇಕು. 'ಹಾಡು' ಎಂದರೆ ಒಂದು ಸಾಲು ಹಾಡಬೇಕು, 'ಆಡು' ಎಂದರೆ ಮೇಕೆಯಂತೆ ಮ್ಯಾ ಎನ್ನಬೇಕು. ಕೊಂಚ ಹೊತ್ತಿನ ಮೇಲೆ ಕೂಗುವ ಕೆಲಸ ಮಕ್ಕಳಿಗೆ. ಆಗ ಆಟ ನಿಜಕ್ಕೂ ಬಿಗಿಯಾಗುತ್ತದೆ. 'ಹಾರು' ಎನ್ನಲು ಹೋಗಿ 'ಆರು' ಎಂದ ಮಗುವಿನ ಎದುರು ಇಡೀ ತರಗತಿ ಆರು ಬೆರಳು ಎತ್ತಿ ನಿಲ್ಲುತ್ತದೆ. ಯಾರೂ ತಿದ್ದಬೇಕಿಲ್ಲ. ಮಗು ತಾನೇ ಉಸಿರು ಕೂಡಿಸಿ ಮತ್ತೊಮ್ಮೆ ಕೂಗುತ್ತದೆ. ಮನೆಯಲ್ಲಿ 'ಆಲು' ಎನ್ನುವುದು ತಪ್ಪಲ್ಲ, ಪುಸ್ತಕದಲ್ಲಿ 'ಹಾಲು' ಇರುತ್ತದೆ ಎಂದಷ್ಟೇ ಹೇಳಿದರೆ ಸಾಕು. ಮನೆಮಾತನ್ನು ನಗೆಪಾಟಲು ಮಾಡಿದ ದಿನ ಮಗು ಬಾಯಿ ಮುಚ್ಚುತ್ತದೆ, ಆಮೇಲೆ ಯಾವ ಆಟವೂ ಅದನ್ನು ತೆರೆಸಲಾರದು.

*ಎಲೆ, ಎಳೆ.* 'ಲ' ಮತ್ತು 'ಳ'ಗೆ ರೇಷ್ಮೆ ನಾಡಿನ ಆಟ. ಒಂದು ಮಗು ರೇಷ್ಮೆಹುಳು. 'ಎಲೆ' ಎಂದರೆ ತಿನ್ನುವಂತೆ ಕೈಯನ್ನು ಬಾಯಿಗೆ ತರಬೇಕು, 'ಎಳೆ' ಎಂದರೆ ಬಾಯಿಂದ ನೂಲು ತೆಗೆದಂತೆ ಕೈ ಚಾಚಬೇಕು. ಬಲೆ-ಬಳೆ, ಹಲ್ಲಿ-ಹಳ್ಳಿ ಮುಂದಿನ ಜೋಡಿಗಳು. 'ಳ' ಹೊರಡಿಸಲು ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳ ಮುಟ್ಟಬೇಕು. ಕೈಗನ್ನಡಿ ಹಿಡಿಸಿ ನಾಲಿಗೆ ಎಲ್ಲಿ ಹೋಯಿತು ನೋಡು ಎಂದರೆ ಹತ್ತು ಸಲ ಹೇಳಿಸುವುದಕ್ಕಿಂತ ಬೇಗ ಬರುತ್ತದೆ.

*ಹಾಳೆ ಅಲುಗಾಟ.* ತೆಳು ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಇಳಿಬಿಟ್ಟು 'ಬ' ಎಂದರೆ ಅದು ಸುಮ್ಮನಿರುತ್ತದೆ. 'ಭ' ಎಂದರೆ ಅಲುಗುತ್ತದೆ. ಉಸಿರು ಕಣ್ಣಿಗೆ ಕಂಡ ಮೇಲೆ ಲಿಪಿಯ ಒಂದು ಗುಟ್ಟನ್ನೂ ತೋರಿಸಬಹುದು. ಚ-ಛ, ಡ-ಢ, ದ-ಧ, ಪ-ಫ, ಬ-ಭ ಈ ಐದು ಜೋಡಿಗಳಲ್ಲಿ ಮಹಾಪ್ರಾಣದ ಹೊಟ್ಟೆಯ ಕೆಳಗೆ ಒಂದು ಸೀಳು ಗೆರೆ ಇದೆ. ಆ ಗೆರೆ ಕಂಡಲ್ಲಿ ಉಸಿರು ಹೊರಗೆ ಎಂದು ಹೇಳಿಕೊಟ್ಟರೆ ಐದು ಹೊಸ ಅಕ್ಷರ ಕಲಿಯುವ ಬದಲು ಒಂದೇ ಗುರುತು ಕಲಿತಂತೆ. ಖ, ಘ, ಝ, ಠ, ಥ ಈ ಸಾಲಿಗೆ ಸೇರುವುದಿಲ್ಲವಾದ್ದರಿಂದ ಅವನ್ನು ಬೇರೆಯಾಗಿಯೇ ಕಲಿಸಬೇಕು.

*ಗುಟ್ಟಿನ ಭಾಷೆ.* ಪ್ರತಿ ಅಕ್ಷರದ ಮುಂಚೆ ಒಂದು 'ಕ' ಸೇರಿಸಿ ಮಾತಾಡುವ ಕಳ್ಳಭಾಷೆ ಕನ್ನಡ ಮಕ್ಕಳ ಹಳೆಯ ಆಸ್ತಿ. ಮಾಗಡಿ ಇದರಲ್ಲಿ ಕಮಾಕಗಕಡಿ. ದೊಡ್ಡವರಿಗೆ ಗೊತ್ತಾಗದಿರಲೆಂದು ಮಕ್ಕಳು ಆಡುವ ಈ ಭಾಷೆ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಪಕ್ಕಾ ಕಸರತ್ತು. ಎರಡು-ಮೂರನೇ ತರಗತಿಯವರು ಇದನ್ನು ಚಿಕ್ಕವರಿಗೆ ಕಲಿಸಲಿ. ಬಿಡಿಸಿ ಮಾತಾಡಬಲ್ಲ ಮಗುವಿಗೆ ಬಿಡಿಸಿ ಬರೆಯುವುದು ದೂರವಿರುವುದಿಲ್ಲ.

*ಬಾಲ ಹಿಡಿ.* ಕನ್ನಡದ ಬಹುತೇಕ ಪದಗಳು ಸ್ವರದಿಂದಲೇ ಮುಗಿಯುವುದರಿಂದ ಕೊನೆಯ ಅಕ್ಷರ ಕಿವಿಗೆ ಸ್ಪಷ್ಟ. ಅಂತ್ಯಾಕ್ಷರಿಯನ್ನು ಹಾಡಿನ ಬದಲು ಪದದಲ್ಲಿ ಆಡಿಸಿದರೆ ಆಯಿತು: ಮರ, ರಾಗಿ, ಗಿಲಕಿ, ಕಿವಿ. ಮೊದಮೊದಲು 'ರ'ಕ್ಕೆ 'ರಾಗಿ' ಸರಿಯೆಂದೇ ಒಪ್ಪಬೇಕು. ದೊಡ್ಡ ಮಕ್ಕಳಿಗೆ ಗುಣಿತವೂ ಕೂಡಿಬರಬೇಕೆಂಬ ನಿಯಮ. ಕನ್ನಡ ಪದ ಸ್ವರದಿಂದ ಮುಗಿಯುವ ಕಾರಣಕ್ಕೇ ಇಂಗ್ಲಿಷ್ ಕಲಿಸುವಾಗ ಪದದ ಕೊನೆಗೆ ಬೇರೆ ಆಟ ಬೇಕಾಗುತ್ತದೆ. ಬಸ್ಸನ್ನು 'ಬಸ್ಸು', ಕಾರನ್ನು 'ಕಾರು' ಮಾಡಿಕೊಂಡ ಕಿವಿಗೆ ಕೊನೆಯಲ್ಲಿ ಸ್ವರವಿಲ್ಲದ ಸದ್ದು ಹೊಸದು.

*ಅಕ್ಷರದ ಕುಂಟೆಬಿಲ್ಲೆ.* ಕುಂಟೆಬಿಲ್ಲೆಯ ಮನೆಗಳಲ್ಲಿ ಅಕ್ಷರ ಬರೆದು, ಬಿಲ್ಲೆ ಬಿದ್ದ ಮನೆಯ ಸದ್ದಿನ ಪದ ಹೇಳಿ ಕುಂಟುವುದು ಒಂದು ಬಗೆ. ಶಿಕ್ಷಕರು ಪದ ಹೇಳಿ, ಅದರ ಅಕ್ಷರಗಳ ಮೇಲೆ ಕ್ರಮವಾಗಿ ಕುಂಟಿಸುವುದು ಇನ್ನೊಂದು. ನ, ಗ, ರ ಎಂದು ಮೂರು ಮನೆ ಕುಂಟಿದರೆ 'ನಗರ' ಬರೆದಂತೆ. ಸದ್ದು, ಆಕಾರ, ಮೈಚಲನೆ ಒಟ್ಟಾಗುವುದರಿಂದ ಪ-ಷ-ವ ಥರದ ಒಂದೇ ಅಚ್ಚಿನ ಅಕ್ಷರಗಳನ್ನು ಬೇರ್ಪಡಿಸಲು ಇದು ಬಹಳ ನೆರವು. ಅಂಥ ಅಕ್ಷರಗಳನ್ನು ಒಂದೇ ದಿನ ಮೊದಲ ಬಾರಿ ಪರಿಚಯಿಸಬಾರದು. ಒಂದು ಗಟ್ಟಿಯಾದ ಮೇಲೆ ಇನ್ನೊಂದು ಬಂದರೆ ಗೊಂದಲ ಕಡಿಮೆ.

ಚನ್ನಪಟ್ಟಣದ ಗೊಂಬೆ ಪಾಠಕ್ಕೆ ಬಂದರೆ

2020ರ ಆಗಸ್ಟ್ 30ರ 'ಮನ್ ಕಿ ಬಾತ್'ನಲ್ಲಿ ದೇಶದ ಆಟಿಕೆ ಊರುಗಳನ್ನು ಹೆಸರಿಸುವಾಗ ಪ್ರಧಾನಿ ಚನ್ನಪಟ್ಟಣವನ್ನೂ ಹೇಳಿದರು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಆಟಿಕೆಯ ಮೂಲಕ ಕಲಿಸುವ ಮಾತು ಜೋರಾಯಿತು, 2023ರ ಫೆಬ್ರವರಿಯಲ್ಲಿ ಎಳೆಯ ಮಕ್ಕಳಿಗಾಗಿ 'ಜಾದೂಯಿ ಪಿಟಾರಾ' ಎಂಬ ಕಲಿಕಾ ಪೆಟ್ಟಿಗೆಯೂ ಬಂತು. ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದ ಈ ಊರಿಗೆ ಭೌಗೋಳಿಕ ಸೂಚಕದ ಮಾನ್ಯತೆಯುಳ್ಳ ತನ್ನದೇ ಗೊಂಬೆಗಳ ಪೆಟ್ಟಿಗೆ ಇದೆ. ಹಾಲೆ ಮರದ ತುಂಡನ್ನು ಯಂತ್ರಕ್ಕೆ ಕಚ್ಚಿಸಿ ತಿರುಗಿಸುತ್ತ ಕಡೆದು, ಬಣ್ಣ ಕಲಸಿದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿ ಹಿಡಿದರೆ ಹೊಳಪು. ಮೊನಚಿಲ್ಲದ ದುಂಡು ಆಕಾರ ಪುಟ್ಟ ಕೈಗೆ ಹೇಳಿಮಾಡಿಸಿದ್ದು.

ಈ ಗೊಂಬೆಗಳ ಮೇಲೆ ಅಕ್ಷರ ಕೆತ್ತಿರಬೇಕೆಂದೇನಿಲ್ಲ. ಗಿಲಕಿ, ಬುಗುರಿ, ಮಣಿಸರಗಳನ್ನು ಬಟ್ಟೆಯ ಹಿಂದೆ ಅಡಗಿಸಿ ಸದ್ದು ಮಾಡಿ, ಯಾವುದು ಎಂದು ಕೇಳುವುದು ಅಂಗನವಾಡಿಯ ಮೊದಲ ಕಿವಿ ಆಟ. ಬುಗುರಿ ಬಿಟ್ಟು, ಅದು ಬೀಳುವುದರೊಳಗೆ 'ಬ'ದಿಂದ ಎಷ್ಟು ಪದ ಹೇಳುತ್ತೀರಿ ಎಂಬುದು ಒಂದನೇ ತರಗತಿಗೆ. ಮರದ ರೈಲು ಗುಣಿತದ ಪಾಠಕ್ಕೆ: ಎಂಜಿನ್ನಿಗೆ 'ಕ' ಅಂಟಿಸಿ, ಡಬ್ಬಿಗಳಿಗೆ ತಲಕಟ್ಟು, ಇಳಿ, ಗುಡಿಸು, ಕೊಂಬುಗಳ ಚೀಟಿ. ಎಂಜಿನ್ ಯಾವ ಡಬ್ಬಿಗೆ ತಗುಲಿತೋ ಆ ಸದ್ದನ್ನು ಮಕ್ಕಳು ಕೂಗುತ್ತಾರೆ. ಎಂಜಿನ್ ಬದಲಿಸಿ 'ಮ' ಇಟ್ಟರೂ ಡಬ್ಬಿಗಳ ಸದ್ದು ಬದಲಾಗುವುದಿಲ್ಲ. ಅಕ್ಷರದೊಳಗೆ ವ್ಯಂಜನ ಬೇರೆ, ಸ್ವರ ಬೇರೆ ಎಂಬ ತಿಳಿವು ಮೂಡುವುದು ಇಂಥ ಹೊತ್ತಿನಲ್ಲಿ. 'ಕು' ಬರೆಯುವಾಗ ಕೊಂಬು ಪಕ್ಕಕ್ಕೆ ಬರುತ್ತದೆ, 'ಪು' ಬರೆಯುವಾಗ ಅದರ ಜಾಗ ಬದಲಾಗುತ್ತದೆ. ಕನಕಪುರ ಬರೆಯುವ ದಿನ ಈ ಬದಲಾವಣೆಯನ್ನು ಎತ್ತಿ ತೋರಿಸಬೇಕು.

ಪ್ರಾಸದ ಪಾಲು

ಮಕ್ಕಳ ಕಿವಿ ಹದಗೊಳಿಸುವಲ್ಲಿ ಪದ್ಯಕ್ಕೆ ಸಾಟಿಯಿಲ್ಲ. 'ತುತ್ತೂರಿ'ಯಂಥ ಶಿಶುಗೀತೆಗಳನ್ನು ಕೊಟ್ಟ ಜಿ. ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲೇ. ಅವರ ಶಿಶುಪದ್ಯಗಳಲ್ಲಿ ಪ್ರಾಸ, ಅನುಕರಣ ಶಬ್ದ, ಮರುಕಳಿಸುವ ಸದ್ದು ಧಾರಾಳ. ಪದ್ಯ ಹಾಡಿಸಿ ಬಿಟ್ಟರೆ ಅರ್ಧ ಕೆಲಸ. ಪ್ರಾಸದ ಪದ ಬರುವಲ್ಲಿ ಶಿಕ್ಷಕರು ತಟ್ಟನೆ ನಿಲ್ಲಿಸಿ ಮಕ್ಕಳಿಂದ ತುಂಬಿಸಬೇಕು. ಬೇರೆ 'ತಪ್ಪು' ಪದ ಹಾಕಿ ಅವರಿಂದ ಹಿಡಿಸಬೇಕು. ತರೀಕೆರೆಯ ಕುರಿಮರಿಗಳಂಥ ನಾಲಿಗೆ ಹೊರಳಿಸುವ ಸಾಲುಗಳು 'ರ'ಕ್ಕೆ ಒಳ್ಳೆಯ ವ್ಯಾಯಾಮ. ಎಚ್. ಎಲ್. ನಾಗೇಗೌಡರು ಕಟ್ಟಿದ, ರಾಮನಗರದ ಹತ್ತಿರದ ಜಾನಪದ ಲೋಕಕ್ಕೆ ಶಾಲೆಯವರು ಪ್ರವಾಸ ಹೋದಾಗ ಅಲ್ಲಿನ ವಸ್ತುಗಳ ಹೆಸರುಗಳನ್ನೇ ಬರೆದು ತಂದರೆ ಮುಂದಿನ ವಾರದ ಹರಾಜಿಗೆ ಹೊಸ ಮಾಲು ಸಿಕ್ಕಂತೆ.

ಎಷ್ಟು ಹೊತ್ತು, ಹೇಗೆ, ಯಾರಿಗೆ

ದಿನಕ್ಕೆ ಹತ್ತು ನಿಮಿಷದ ಒಂದು ಆಟ ವಾರಕ್ಕೊಮ್ಮೆ ಆಡುವ ಒಂದು ಗಂಟೆಯ ಆಟಕ್ಕಿಂತ ಮೇಲು. ಒಂದು ಆಟಕ್ಕೆ ಒಂದೇ ಸದ್ದಿನ ಗುರಿ ಇರಲಿ. ಆಟ ಬಾಯಲ್ಲೇ ಮುಗಿಯಬಾರದು. ಕೊನೆಯ ಎರಡು ನಿಮಿಷದಲ್ಲಿ ಅದೇ ಸದ್ದಿನ ಅಕ್ಷರವನ್ನು ಮಣ್ಣಿನಲ್ಲೋ ಸ್ಲೇಟಿನಲ್ಲೋ ಬರೆಸಿ, ಆ ಅಕ್ಷರವುಳ್ಳ ಒಂದು ಪದ ಓದಿಸಬೇಕು. ಈ ಎರಡು ನಿಮಿಷ ತಪ್ಪಿದರೆ ಮಗುವಿಗೆ ಆಟ ನೆನಪಿರುತ್ತದೆ, ಅಕ್ಷರ ನೆನಪಿರುವುದಿಲ್ಲ.

ಗುಂಪಿನಲ್ಲಿ ಕೂಗುವಾಗ ಎಲ್ಲರಿಗೂ ಬಂದಂತೆ ಕೇಳುತ್ತದೆ. ಅದಕ್ಕೇ ಪ್ರತಿ ಆಟದಲ್ಲಿ ಒಬ್ಬೊಬ್ಬರೇ ಉತ್ತರಿಸುವ ಒಂದು ಸುತ್ತು ಇರಬೇಕು. ಯಾರಿಗೆ ಮೊದಲ ಸದ್ದು ಬರುತ್ತದೆ, ಯಾರಿಗೆ ಕೊನೆಯದು, ಯಾರಿಗೆ ಬಳೆ-ಬಾಳೆಯ ವ್ಯತ್ಯಾಸ ಇನ್ನೂ ಕೇಳಿಸುತ್ತಿಲ್ಲ ಎಂದು ಶಿಕ್ಷಕರು ಗುರುತು ಮಾಡಿಕೊಳ್ಳುವುದು ಈ ಸುತ್ತಿನಲ್ಲೇ. ಸೋತವರನ್ನು ಹೊರಗೆ ಕೂರಿಸುವ ನಿಯಮ ಇಲ್ಲಿ ಬೇಡ. ಹೆಚ್ಚು ಆಡಬೇಕಾದ ಮಗುವೇ ಮೊದಲು ಹೊರಬೀಳುತ್ತದೆ. ತಿಂಗಳುಗಟ್ಟಲೆ ಆಡಿದರೂ ಸದ್ದುಗಳ ವ್ಯತ್ಯಾಸ ಹಿಡಿಯಲಾಗದ ಮಗುವಿಗೆ ಶ್ರವಣ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಬೇಕು. ನೆಗಡಿ, ಕಿವಿ ಸೋರುವಿಕೆ ಈ ವಯಸ್ಸಿನಲ್ಲಿ ಸಾಮಾನ್ಯ, ದಡ್ಡತನವೆಂದು ಬಗೆದದ್ದು ಹಲವು ಸಲ ಕಿವಿಯ ತೊಂದರೆಯೇ ಆಗಿರುತ್ತದೆ.

ಆಟದ ಮಿತಿ

ಸದ್ದಿನ ಆಟ ಓದಿನ ಒಂದು ಭಾಗ ಮಾತ್ರ. ಕತೆ ಕೇಳದ, ಪುಸ್ತಕದ ಪುಟ ಮಗುಚದ, ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಮಾತಿಗೆ ಜೊತೆ ಸಿಗದ ಮಗು ಎಲ್ಲ ಅಕ್ಷರ ಗುರುತಿಸಿಯೂ ಓದಿದ್ದರ ಅರ್ಥ ಹಿಡಿಯಲಾರದು. ಆಟ ಅಕ್ಷರಕ್ಕೆ ಬಾಗಿಲು ತೆರೆದರೆ ಕತೆ ಆ ಬಾಗಿಲ ಒಳಗೆ ಹೋಗಲು ಕಾರಣ ಕೊಡುತ್ತದೆ. ಗುಣಿತ, ಒತ್ತಕ್ಷರಗಳ ಭಾರ ಮೂರು-ನಾಲ್ಕನೇ ತರಗತಿಯವರೆಗೂ ಇರುವುದರಿಂದ ಆಟವನ್ನು ಒಂದನೇ ತರಗತಿಗೇ ಮುಗಿಸುವುದೂ ಸರಿಯಲ್ಲ. 'ಚನ್ನಪಟ್ಟಣ'ವನ್ನು ಚಪ್ಪಾಳೆಯಲ್ಲಿ ಬಿಡಿಸಿದ ಮಗು ಅದನ್ನು ತಪ್ಪಿಲ್ಲದೆ ಬರೆಯುವುದಕ್ಕೆ ಎರಡು-ಮೂರು ವರ್ಷ ಹಿಡಿದರೆ ಅದು ಕನ್ನಡ ಲಿಪಿ ಬೇಡುವ ಸಹಜ ಕಾಲವೇ. ಈ ಕಾಲವನ್ನು ಕಾಪಿ ಬರೆಸುವುದರಲ್ಲಿ ಕಳೆಯದೆ ಕೇಳಿಸುವುದರಲ್ಲಿ, ಹೇಳಿಸುವುದರಲ್ಲಿ ಕಳೆದ ಶಾಲೆಯಲ್ಲಿ ಓದು ಗಟ್ಟಿಯಾಗಿ ಕೂರುತ್ತದೆ.